ಕ್ವಾರಿಯ ರಿಜಿಸ್ಟರಿನಲ್ಲಿ ಒತ್ತಿದ ಹೆಬ್ಬೆಟ್ಟು

ವನದುರ್ಗದಾಚೆಯ ಒಂದು ಕಲ್ಲುಕ್ವಾರಿಯಲ್ಲಿ ಅಮೀನುದ್ದೀನ ಹನ್ನೊಂದು ವರ್ಷ ಸ್ಟೋರ್ ನೋಡಿಕೊಂಡಿದ್ದ. ಡೀಸೆಲ್, ಗ್ರೀಸ್, ಯಂತ್ರಗಳ ಬ್ಯಾಟರಿಗೆ ಹಾಕುವ ಆಸಿಡ್, ಎಲ್ಲದರ ಬೀಗ ಅವನ ಕೈಯಲ್ಲಿ. ಮೈಗಳ್ಳನಲ್ಲ. ಆದರೆ ಸುರಕ್ಷತೆಯ ಕಾಗದಪತ್ರಗಳೆಂದರೆ ಅವನಿಗೆ ತಲೆನೋವು.

ಆಸಿಡ್ ಕ್ಯಾನುಗಳನ್ನು ಬೇರೆ ಇಡಬೇಕು, ಅವುಗಳ ಮೇಲೆ ಕೆಲಸಗಾರರ ಭಾಷೆಯಲ್ಲೇ ಎಚ್ಚರಿಕೆಯ ಚೀಟಿ ಅಂಟಿಸಬೇಕು, ಎಲ್ಲರಿಗೂ ತಿಳಿಸಿ ಹೇಳಿ ರಿಜಿಸ್ಟರಿನಲ್ಲಿ ಸಹಿ ಪಡೆಯಬೇಕು. ಕಾನೂನು ಹಾಗಿತ್ತು. ಕಲಬುರಗಿಯಿಂದ ಕನ್ನಡದ ಚೀಟಿಗಳೂ ಅಚ್ಚಾಗಿ ಬಂದವು. ‘ಓದುವವರು ಯಾರಿದ್ದಾರೆ ಇಲ್ಲಿ’ ಎಂದುಕೊಂಡ ಅಮೀನುದ್ದೀನ ಆ ಕಟ್ಟನ್ನು ಕಪಾಟಿಗೆ ಎಸೆದ. ತಪಾಸಣೆಗೆ ಎರಡು ದಿನವಿದ್ದಾಗ ರಿಜಿಸ್ಟರ್ ತೆರೆದು, ಇಪ್ಪತ್ತಮೂರು ಹೆಸರುಗಳ ಮುಂದೆ ತಾನೇ ಹೆಬ್ಬೆಟ್ಟು ಒತ್ತಿದ. ಒಂದಕ್ಕೆ ಎಡಗೈಯದು, ಇನ್ನೊಂದಕ್ಕೆ ಬಲಗೈಯದು. ಅಂದು ಅವನಿಗೆ ನಗುವೇ ಬಂದಿತ್ತು.

ಮಾರ್ಚಿನ ಒಂದು ಮಧ್ಯಾಹ್ನ, ಆರು ವರ್ಷದಿಂದ ಕ್ರಷರಿನ ಬಳಿ ಕಸ ಹೊಡೆಯುತ್ತಿದ್ದ ಗೊಲ್ಲಾಳಮ್ಮನ ಕಣ್ಣಿಗೆ ಕಲ್ಲಿನ ಪುಡಿ ಬಿತ್ತು. ಸ್ಟೋರಿನ ನೆರಳಲ್ಲಿ ಒಂದೇ ಥರದ ಎರಡು ಬಿಳಿ ಕ್ಯಾನುಗಳಿದ್ದವು. ಒಂದರಲ್ಲಿ ಬ್ಯಾಟರಿಯ ನೀರು, ಇನ್ನೊಂದರಲ್ಲಿ ಆಸಿಡ್. ನೀರೆಂದುಕೊಂಡು ಅವಳು ಬೊಗಸೆಗೆ ಸುರಿದು ಮುಖಕ್ಕೆ ಹಾಕಿಕೊಂಡದ್ದು ಆಸಿಡ್.

ಅವಳ ಕೂಗು ಕೇಳಿ ಓಡಿಬಂದವನು ಅಮೀನುದ್ದೀನನೇ. ನೀರಿನ ಡ್ರಮ್ಮು ದೂರವಿತ್ತು. ಅವಳನ್ನು ಎತ್ತಿಕೊಂಡೇ ಅಲ್ಲಿಗೆ ಓಡಿ, ನೀರು ಸುರಿದು, ಜೀಪಿನಲ್ಲಿ ಶಹಾಪುರದ ದವಾಖಾನೆಗೆ ಒಯ್ದ. ಎಡಗಣ್ಣು ಉಳಿಯಲಿಲ್ಲ.

ಮೂರು ವಾರದ ಮೇಲೆ ಪರಿಮಳಾ ಎಂಬ ಅಧಿಕಾರಿ ವಿಚಾರಣೆಗೆ ಬಂದರು. ಮ್ಯಾನೇಜರ್ ನೀಲಕಂಠ ರಿಜಿಸ್ಟರ್ ಮುಂದಿಟ್ಟ.

“ಆಕಿಗಿ ಅಕ್ಷರ ಬರಂಗಿಲ್ರಿ ಮೇಡಂ. ಎಲ್ಲಾ ಹೇಳಿಕೊಟ್ಟಿದ್ವಿ, ಮರ್ತಾಳ. ನೋಡ್ರಿ, ಹೆಬ್ಬೆಟ್ಟ ಐತಿ.”

ಕಣ್ಣಿಗೆ ಪಟ್ಟಿ ಕಟ್ಟಿಕೊಂಡು ಕುಳಿತಿದ್ದ ಗೊಲ್ಲಾಳಮ್ಮನತ್ತ ಅಧಿಕಾರಿ ತಿರುಗಿದರು. “ಇದು ನಿಮ್ಮದೇನಮ್ಮ?”

“ನಾ ಹೆಬ್ಬೆಟ್ಟ ಒತ್ತಂಗಿಲ್ರಿ. ಸಹಿ ಮಾಡ್ತೀನ್ರಿ. ಸಾಲ್ಯಾಗ ನಾಕನೇ ಇಯತ್ತೆ ತನಕ ಓದೀನಿ.”

ಪೆನ್ನು ಇಸಿದುಕೊಂಡು ಅವಳು ತನ್ನ ಹೆಸರನ್ನು ನಿಧಾನವಾಗಿ, ಒತ್ತಕ್ಷರಗಳನ್ನೂ ಬಿಡದೆ ಬರೆದಳು. ಆಮೇಲೆ ಅಂದಳು: “ಅಮೀನಸಾಬ್ರಿಗಿ ಏನೂ ಅನಬ್ಯಾಡ್ರಿ ಮೇಡಂ. ನನ್ನ ಎತ್ತಿಕೊಂಡು ಓಡ್ಯಾರ ಅವ್ರು.”

ಅಮೀನುದ್ದೀನನೂ ಅಲ್ಲೇ ಕುಳಿತಿದ್ದ. ಮ್ಯಾನೇಜರು ಕಣ್ಣಲ್ಲೇ ‘ಸುಮ್ಮನಿರು’ ಎಂದರೂ ಅವನು ಎದ್ದು ನಿಂತ.

“ಆ ಹೆಬ್ಬೆಟ್ಟ ನಂದ್ರಿ. ಇಪ್ಪತ್ತಮೂರೂ ನನ್ನವ. ಯಾರಿಗೂ ಏನೂ ಹೇಳಿಕೊಟ್ಟಿಲ್ರಿ. ಚೀಟಿ ಕಪಾಟಿನ್ಯಾಗ ಅದಾವ.”

ಕ್ವಾರಿ ಎರಡು ತಿಂಗಳು ಮುಚ್ಚಿತು. ಮಾಲೀಕರ ಮೇಲೂ ಮ್ಯಾನೇಜರ್ ಮೇಲೂ ಅವನ ಮೇಲೂ ಕೇಸು ನಡೆದಿದೆ. ಅವನ ನೌಕರಿ ಹೋಯಿತು. ಈಗ ಭೀಮರಾಯನಗುಡಿಯಲ್ಲಿ ಬೀಜದ ಅಂಗಡಿಯೊಂದರಲ್ಲಿ ಚೀಲ ಹೊರುತ್ತಾನೆ. “ಖರೇ ಹೇಳೀರಲ್ಲ, ಇನ್ಯಾಕ ಕೊರಗ್ತೀರಿ?” ಎಂದು ಹೆಂಡತಿ ಖಾಸಿಂಬೀ ಸಮಾಧಾನ ಹೇಳಿದರೆ ಅವನಿಗೆ ಇನ್ನಷ್ಟು ಕಸಿವಿಸಿ. ಗೊಲ್ಲಾಳಮ್ಮ ಸಹಿ ಮಾಡದಿದ್ದರೆ ತಾನು ಬಾಯಿ ಬಿಡುತ್ತಿದ್ದೆನೇ? ಇಲ್ಲವೆಂಬುದು ಅವನಿಗೆ ಗೊತ್ತು.

ಕ್ಷಮೆ ಕೇಳಲೆಂದು ಎರಡು ಸಲ ಗೊಲ್ಲಾಳಮ್ಮನ ಓಣಿಯವರೆಗೆ ಹೋಗಿ ಹಿಂದಿರುಗಿದ. ಮೂರನೆಯ ಸಲ ಒಳಗೆ ಹೋದ. ಅವಳು ಚಾಪೆ ಹಾಸಿ, ಚಹಾ ಕೊಟ್ಟು, ಅವನನ್ನು ನೋಡಲು ಕತ್ತನ್ನು ಪೂರ್ತಿ ತಿರುಗಿಸಿ ಕುಳಿತಳು.

“ಮಾಫಿ ಕೇಳಾಕ ಬಂದೀನವ್ವಾ,” ಎಂದ.

“ಕಣ್ಣಿಂದು ಬಿಡ್ರಿ, ಹೋತು. ಆರು ವರ್ಷ ದಿನಾ ನನ್ನ ಮಾರಿ ನೋಡೀರಿ. ನಿನಗ ಓದಾಕ ಬರ್ತದೇನು ಅಂತ ಒಮ್ಮೆರೆ ಕೇಳಬಾರದಿತ್ತೇನ್ರಿ?”

ಅಮೀನುದ್ದೀನ ಆರಿದ ಚಹಾ ಕುಡಿದು, ತಲೆ ಎತ್ತದೆ ಹೊರಗೆ ಬಂದ.