ಹಾಡು ನಿಲ್ಲಿಸಿದ ಭೋಜಣ್ಣ

ಬೆಳಗ್ಗೆ ಏಳು ಗಂಟೆ ಹತ್ತು ನಿಮಿಷಕ್ಕೆ ಭೋಜಣ್ಣ ಜೀಪಿನ ಹಾಡು ನಿಲ್ಲಿಸಿದ. ನನಗೆ ಎಚ್ಚರವಾದದ್ದು ಅದಕ್ಕೇ.

ಮಂಜೂರಿನಿಂದ ಊಟಿಯ ಕಾಲೇಜಿಗೆ ಮೂರು ವರ್ಷ ಅವನ ಜೀಪಿನ ಹಿಂದಿನ ಸೀಟಿನಲ್ಲಿ ನಿದ್ದೆ ಮಾಡುತ್ತ ಹೋದವಳು ನಾನು. ತಿರುವಾಗಲಿ, ಬ್ರೇಕಾಗಲಿ, ಮಳೆಯಾಗಲಿ ನನ್ನನ್ನು ಎಬ್ಬಿಸುತ್ತಿರಲಿಲ್ಲ. ಹಾಡಂತೂ ಜೋಗುಳವೇ ಆಗಿಬಿಟ್ಟಿತ್ತು. ಹಳೆಯ ತಮಿಳು ಸಿನಿಮಾದ್ದು ಒಂದು, ಅವನ ಬಡಗರ ಹಟ್ಟಿಯ ಮದುವೆಗಳಲ್ಲಿ ಸಾಲಾಗಿ ನಿಂತು ಕುಣಿಯುವಾಗ ಹಾಕುವುದು ಇನ್ನೊಂದು. ಹಾಡಿಲ್ಲದೆ ಅವನು ಜೀಪು ಓಡಿಸಿದ್ದನ್ನು ನಾನು ಅದುವರೆಗೆ ನೋಡಿರಲಿಲ್ಲ.

ಬಿಬಿಎ ತರಗತಿಗೆ ಒಟ್ಟಿಗೆ ಸೇರಿದಾಗ ನಮಗೆಲ್ಲ ಹದಿನೆಂಟು, ಭೋಜಣ್ಣನಿಗೆ ಇಪ್ಪತ್ತೆಂಟು. ಅದಕ್ಕೂ ಮೊದಲು ಅವನು ಸಣ್ಣ ಬೆಳೆಗಾರರ ತೋಟಗಳಿಂದ ಹಸಿ ಚಹಾ ಎಲೆ ತುಂಬಿಕೊಂಡು ಫ್ಯಾಕ್ಟರಿಗೆ ಸಾಗಿಸುತ್ತಿದ್ದ. ಜೀಪಿನ ಸೀಟಿಗೆ ಆ ಎಲೆಯ ವಾಸನೆ ಕೊನೆಯವರೆಗೂ ಇತ್ತು. ಮೊದಲ ದಿನ ಪಾಠ ಮಾಡಲು ಬಂದ ಮೇಷ್ಟ್ರು ಅವನನ್ನು ಯಾರನ್ನೋ ಬಿಡಲು ಬಂದ ಅಣ್ಣ ಎಂದುಕೊಂಡು, ಹೊರಗೆ ಕಾಯಿರಿ ಅಂದರು. ಅವನು ಎದ್ದು ಹೊರಗೆ ಹೋಗಿ ನಿಂತ. ಅರ್ಧ ಪಾಠವಾದ ಮೇಲೆ ಕಿಟಕಿಯಿಂದ ಕೇಳಿದ: "ಸಾರ್, ಎನ್ನ ಹೆಸರೂ ಕೂಗುವಿರಾ, ಇಲ್ಲ ನಾ ಇಲ್ಲೇ ಓದೋಕಾ?"

ಯಾಕಣ್ಣ ಈ ವಯಸ್ಸಿನಲ್ಲಿ ಓದು ಎಂದು ಕೇಳಿದರೆ ಅವನದು ಒಂದೇ ಉತ್ತರ. "ಎಲೆ ಕೀಳುವದು ಎಂಗಳ ಕೈ. ಹೆಸರು ಫ್ಯಾಕ್ಟರಿಯದು. ಎಂಗಳ ಹಟ್ಟಿ ಹೆಸರಲಿ ಒಂದು ಪಾಕೆಟ್ ಆದರೂ ಅಂಗಡಿಯಲಿ ಕೂರಲಿ ತಂಗೆ."

ನಮ್ಮ ಮನೆಯಲ್ಲಿ ಕನ್ನಡ, ಅವನ ಹಟ್ಟಿಯಲ್ಲಿ ಬಡಗ, ಕಾಲೇಜಿನಲ್ಲಿ ತಮಿಳು. ಪುಸ್ತಕದ ಇಂಗ್ಲಿಷು ಮಾತ್ರ ಯಾರ ಮನೆಯದೂ ಅಲ್ಲ. ಭೋಜಣ್ಣ ಅದರಲ್ಲಿ ತುಂಬ ಹಿಂದೆ. ಆದರೆ 'ಸ್ವಾಟ್' ಎಂಬ ಒಂದು ಪಾಠ ಅವನ ತಲೆಗೆ ಹತ್ತಿತು. ಯಾವ ವ್ಯಾಪಾರಕ್ಕಾದರೂ ಶಕ್ತಿ, ದೌರ್ಬಲ್ಯ, ಅವಕಾಶ, ಅಪಾಯ ಎಂದು ನಾಲ್ಕು ಮನೆ ಮಾಡಿ ಬರೆಯುವ ಪದ್ಧತಿ ಅದು. ಅಲ್ಲಿಂದ ಮುಂದೆ ಅವನು ಅದಕ್ಕೆ ಒಳಪಡಿಸದ ವಸ್ತುವೇ ಉಳಿಯಲಿಲ್ಲ. ಕ್ಯಾಂಟೀನಿನ ಉಪ್ಪಿಟ್ಟಿಗೆ ಸ್ವಾಟ್ ಮಾಡಿದ. ತನಗೆ ನೋಡಿದ್ದ ಹೆಣ್ಣಿನ ಕಡೆಯವರಿಗೆ ತನ್ನದೇ ಸ್ವಾಟ್ ಒಪ್ಪಿಸಿ, ಆ ಸಂಬಂಧ ಕೆಡಿಸಿಕೊಂಡ. ನನಗೂ ಮಾಡಿದ. "ತಂಗೆಯ ಶಕ್ತಿ ಒರಗುವದು. ದೌರ್ಬಲ್ಯವೂ ಒರಗುವದು. ಅವಕಾಶ ಸಿಕ್ಕರೆ ಇನ್ನೂ ಒರಗುವಳು." ಒರಗುವುದು ಎಂದರೆ ಅವರ ಮಾತಿನಲ್ಲಿ ನಿದ್ದೆ ಮಾಡುವುದು. ಅಪಾಯ ಏನು ಎಂದು ನಮ್ಮ ಗೆಳತಿ ನಿರ್ಮಲಾ ಕೇಳಿದಳು. "ಎನ್ನ ಜೀಪು ಕೆಟ್ಟರೆ ಅಪಾಯ. ಬಸ್ಸಲಿ ನಿಂತು ಒರಗೋಕೆ ಆಗದು."

ಎರಡನೆಯ ವರ್ಷ ಕೊಯಮತ್ತೂರಿನ ಒಂದು ಕಂಪನಿಯ ದೊಡ್ಡ ಮ್ಯಾನೇಜರರೊಬ್ಬರು ಉಪನ್ಯಾಸಕ್ಕೆ ಬಂದಿದ್ದರು. ಸ್ವಾಗತಿಸುವ ಕೆಲಸ ಭೋಜಣ್ಣನದು. ತಲೆ ನರೆತ ಅವರು ಕೈಕುಲುಕಲು ಕೈ ಚಾಚಿದರು. ಬಡಗರಲ್ಲಿ ಹಿರಿಯರು ಎದುರಾದರೆ ಕಿರಿಯರು ತಲೆ ಬಾಗಿಸಬೇಕು, ಹಿರಿಯರು ತಲೆಯ ಮೇಲೆ ಕೈಯಿಟ್ಟು ಹರಸಬೇಕು. ಭೋಜಣ್ಣ ಆ ಕೈಯ ಕೆಳಗೆ ತಲೆ ತಂದಿಟ್ಟ. ಮ್ಯಾನೇಜರರು ಗಲಿಬಿಲಿಗೊಂಡು ನಮ್ಮನ್ನೆಲ್ಲ ನೋಡಿದರು. ಇವನು ತಲೆ ಎತ್ತಲೇ ಇಲ್ಲ. ಕೊನೆಗೆ ಅವರು ಅವನ ಕೂದಲ ಮೇಲೆ ಮೆಲ್ಲಗೆ ಎರಡು ಸಲ ತಟ್ಟಿದರು. ಸಭೆ ನಕ್ಕಿತು. ನಾಚಿಕೆಯಾಗಲಿಲ್ಲವಾ ಎಂದು ಆಮೇಲೆ ಕೇಳಿದೆ.

"ಹಿರಿಯ ಕೈ ಚಾಚಿದ, ನಾ ತಲೆ ಕೊಟ್ಟೆ. ಇದರಲಿ ನಾಚಿಕೆ ಯಾರಿಗೆ?" ಅಂದ.

ಕೊನೆಯ ವರ್ಷದ ಪ್ರಾಜೆಕ್ಟಿಗೆ ಭೋಜಣ್ಣ, ನಿರ್ಮಲಾ, ನಾನು ಮೂವರೂ ಒಂದು ಗುಂಪಾದೆವು. ವಿಷಯ ಅವನದೇ: ಹಟ್ಟಿಯ ಹೆಂಗಸರು ಮನೆಯಲ್ಲೇ ಕೈಯಿಂದ ಹೊಸೆದು ಒಣಗಿಸಿದ ಚಹಾವನ್ನು ಮಾರುಕಟ್ಟೆಗೆ ತರುವುದು. ಅದಕ್ಕೆ ತಾಯಿಯ ಹೆಸರಿಟ್ಟು 'ಮಾಸಿ ಟೀ' ಎಂದ. ಮಾಸಿಯಮ್ಮ ಒಪ್ಪಲಿಲ್ಲ. "ಎನ್ನ ಹೆಸರ ಕುದಿಸಿ ಕುಡಿಯೋಕಾ ಊರವರು?" ಎಂದು ಮುಖ ತಿರುಗಿಸಿದರು. ಆದರೂ ಪಾಕೆಟ್ಟಿಗೆ ಎಲೆ ಆರಿಸಿದವರು ಅವರೇ.

ತರಗತಿಯಲ್ಲಿ ಅದನ್ನು ಮಂಡಿಸಿದಾಗ ಅಪಾಯದ ಮನೆಯಲ್ಲಿ ಹಿಮ, ಕೋತಿ, ಬೆಲೆ ಕುಸಿತ ಎಂದೆಲ್ಲ ಬರೆದಿದ್ದ. "ಮಳೆಗಾಲದಲ್ಲಿ ನಿಮ್ಮ ಕಡೆ ಬೆಟ್ಟ ಜಾರುತ್ತದಲ್ಲ, ಅದನ್ನೇಕೆ ಬಿಟ್ಟಿರಿ?" ಎಂದು ಮೇಷ್ಟ್ರು ಕೇಳಿದರು.

"ಬೆಟ್ಟ ಎಂಗಳದು ಸಾರ್. ಮನೆಯವರ ಹೆಸರ ಅಪಾಯದಲಿ ಬರೆಯೋಕಾ?" ಅಂದ ಭೋಜಣ್ಣ.

ನನಗೆ ಜೀಪಿನಲ್ಲಿ ಎಚ್ಚರವಾದ ಆ ದಿನ, ವಿಶ್ವವಿದ್ಯಾಲಯದಿಂದ ಪರೀಕ್ಷಕರು ಬಂದು ಪ್ರಾಜೆಕ್ಟಿನ ಮೌಖಿಕ ಪರೀಕ್ಷೆ ನಡೆಸುವವರಿದ್ದರು. ವಾರದಿಂದ ಮಳೆ ಹಿಡಿದಿತ್ತು. ಹಾಡು ನಿಲ್ಲಿಸಿದವನು ಕಿಟಕಿಯ ಗಾಜು ಇಳಿಸಿ ಕಿವಿಗೊಟ್ಟ. ಮೇಲಿನ ಚಹಾ ತೋಟದಿಂದ ರಸ್ತೆಗೆ ಇಳಿಯುತ್ತಿದ್ದ ನೀರು ಕೆಂಪಗೆ ಕದಡಿತ್ತು, ಬೆಟ್ಟ ಸಡಿಲಾದಾಗ ಹಾಗಾಗುವುದು. ನೋಡುತ್ತಿದ್ದಂತೆ ಮುಂದಿನ ಚಕ್ರ ಕೆಸರಿನಲ್ಲಿ ಹೂತುಹೋಯಿತು. "ಇಳಿರಿ, ಮಾತು ಬೇಡ" ಅಂದ. ನನ್ನನ್ನೂ ನಿರ್ಮಲಾಳನ್ನೂ ಕೈ ಹಿಡಿದು ಎಳೆದುಕೊಂಡು ತಿರುವು ದಾಟಿಸಿ, ಬಂಡೆಯ ಪಕ್ಕಕ್ಕೆ ತಂದು ಕೂರಿಸಿದ. ಮಡಚಿದ ಪ್ರಾಜೆಕ್ಟ್ ಬ್ಯಾನರು ಅವನ ಕಂಕುಳಲ್ಲಿತ್ತು.

ಅಷ್ಟರಲ್ಲಿ ಹಿಂದಿನಿಂದ ಹಾರನ್ ಕೇಳಿಸಿತು. ಮಂಜೂರಿನ ಬೆಳಗಿನ ಬಸ್ಸು, ಶಾಲೆ ಕಾಲೇಜಿನ ಮಕ್ಕಳು ತುಂಬಿ ಬರುವುದು. ಇನ್ನೊಂದು ತಿರುವು ದಾಟಿದರೆ ಆ ಕೆಂಪು ನೀರಿನ ಬುಡಕ್ಕೇ ಬರುತ್ತಿತ್ತು.

ಭೋಜಣ್ಣ ನನ್ನ ತಲೆಯ ಮೇಲೆ ಕೈಯಿಟ್ಟ. "ಇಲ್ಲೇ ಇರು ತಂಗೆ. ನಾ ಹೋಗಿ ಬನ್ನೆ." ಅದು ಹರಸಿದ್ದೋ, ನಾನು ಏಳದಂತೆ ಕೂರಿಸಿದ್ದೋ, ಇಂದಿಗೂ ನನಗೆ ಗೊತ್ತಾಗಿಲ್ಲ. ಎಷ್ಟು ಸಲ ನೆನೆದರೂ ಕೈಯ ಭಾರ ನೆನಪಾಗುತ್ತದೆ, ಅರ್ಥ ಸಿಗುವುದಿಲ್ಲ.

ಬಂದ ದಾರಿಯಲ್ಲೇ, ಜೀಪನ್ನು ದಾಟಿಕೊಂಡು ಓಡಿದ. ಕಣಿವೆಯ ಆಚೆ ರಸ್ತೆ ಬಾಗಿದ್ದರಿಂದ ನಮಗೆ ಎಲ್ಲವೂ ಎದುರಿಗೇ ಕಾಣುತ್ತಿತ್ತು. ರಸ್ತೆಯ ನಡುವೆ ನಿಂತು 'ಮಾಸಿ ಟೀ' ಬ್ಯಾನರನ್ನು ಎರಡೂ ಕೈಯಲ್ಲಿ ಅಗಲಿಸಿ ಹಿಡಿದ. ಬಸ್ಸು ಅವನ ಎದೆಯ ಹತ್ತಿರ ಬಂದು ನಿಂತಿತು. ಚಾಲಕ ತಲೆ ಹೊರಹಾಕಿ, "ವಳಿ ವಿಡಪ್ಪಾ" ಎಂದು ಗದರಿದ್ದು, ದಾರಿ ಬಿಡು ಎಂದದ್ದು, ನಮ್ಮವರೆಗೂ ಕೇಳಿಸಿತು. ಇವನು ಕದಲಲಿಲ್ಲ. ಹಿಂದಕ್ಕೆ, ಹಿಂದಕ್ಕೆ ಎಂದು ತಲೆಯಲ್ಲೇ ಸನ್ನೆ ಮಾಡಿದ. ಬಸ್ಸು ಹಿಂದೆ ಸರಿಯತೊಡಗಿತು. ಅದು ಸರಿದಷ್ಟೂ ಇವನು ಮುಂದೆ ನಡೆಯಬಹುದಿತ್ತು. ಆದರೆ ಅವನು ತಿರುಗಿ ನಮ್ಮ ಕಡೆ ನೋಡಿದ, ನಾವು ಬಂಡೆಯ ಬಳಿಯೇ ಇದ್ದೇವೆಯೇ ಎಂದು. ಆಗ ತೋಟ ಇಳಿಯಿತು. ಗಿಡಗಳು ಸಾಲು ಕೆಡದೆ, ನಿಂತ ಹಾಗೆಯೇ ಇಳಿದು, ಅವನು ನಿಂತಿದ್ದ ಜಾಗವನ್ನು ಮುಚ್ಚಿದವು. ಬಸ್ಸಿನ ಮುಂದಿನ ಗಾಜಿಗೆ ಮಣ್ಣು ಹಾರಿತು, ಅಷ್ಟೇ. ಒಳಗಿದ್ದ ಯಾರಿಗೂ ಏನೂ ಆಗಲಿಲ್ಲ.

ಹಟ್ಟಿಯಲ್ಲಿ ಸಾವಿನ ದಿನ ಹಿರಿಯರೊಬ್ಬರು ಶವದ ಬಳಿ ನಿಂತು, ಮನುಷ್ಯ ಮಾಡಬಹುದಾದ ತಪ್ಪುಗಳನ್ನೆಲ್ಲ ಒಂದೊಂದಾಗಿ ಹೇಳುತ್ತಾರೆ. ಸತ್ತವರು ಮಾಡಿರಲಿ, ಬಿಟ್ಟಿರಲಿ, ಅವರ ಹಿಂದಿನವರು ಮಾಡಿರಲಿ, ಎಲ್ಲವನ್ನೂ ಹೇಳಿ ಕಳೆಯಬೇಕು. ನೆರೆದವರು ಪ್ರತಿಯೊಂದಕ್ಕೂ "ತಪ್ಪು" ಎಂದು ದನಿಗೂಡಿಸುತ್ತಾರೆ. ಗಡಿಕಲ್ಲು ಸರಿಸಿದ್ದು ತಪ್ಪು. ಹಸಿದು ಬಂದವರಿಗೆ ಇಲ್ಲವೆಂದದ್ದು ತಪ್ಪು. ಭೋಜಣ್ಣನ ಶವದ ಮುಂದೆ, ಹೆಂಗಸರ ನಡುವೆ ನಿಂತು ನಾನೂ ಹೇಳುತ್ತಿದ್ದೆ.

"ನಡೆವವರ ದಾರಿ ಕಟ್ಟಿದ್ದು" ಎಂದರು ಹಿರಿಯರು.

"ಇಲ್ಲೆ", ಅದು ತಪ್ಪಲ್ಲ ಎಂಬ ಒಂದು ದನಿ ಹಿಂದಿನಿಂದ ಬಂತು. ಆ ಬಸ್ಸಿನ ಚಾಲಕ. ಖಾಕಿ ಅಂಗಿಯಲ್ಲೇ ಬಂದು ಗುಂಪಿನ ಕೊನೆಯಲ್ಲಿ ನಿಂತಿದ್ದ. ಯಾರೂ ಅವನನ್ನು ಸುಮ್ಮನಿರಿಸಲಿಲ್ಲ. ಹಿರಿಯರು ಅದನ್ನು ಬಿಟ್ಟು, ಮುಂದಿನ ತಪ್ಪಿಗೆ ಹೋದರು.

ಆಮೇಲೆ ನನ್ನ ನಿದ್ದೆ ಹಾರಿಹೋಯಿತು. ಕಣ್ಣು ಮುಚ್ಚಿದರೆ ಹಾಡು ನಿಲ್ಲುತ್ತಿತ್ತು. ಎಲ್ಲಿಂದಲೋ ಹಾಡು ಕೇಳಿದರೂ ಈಗ ನಿಲ್ಲುತ್ತದೆ, ಈಗ ನಿಲ್ಲುತ್ತದೆ ಎಂದು ಕಾಯುತ್ತಿದ್ದೆ. ಸಣ್ಣ ಮಳೆ ಬಂದರೂ ಎದ್ದು ಬಾಗಿಲಲ್ಲಿ ನಿಂತು, ಹರಿಯುವ ನೀರಿನ ಬಣ್ಣ ನೋಡುತ್ತಿದ್ದೆ.

ಮುಂದೆ ಹಾಕಿದ್ದ ಮೌಖಿಕ ಪರೀಕ್ಷೆಗೆ ನಾನೂ ನಿರ್ಮಲಾಳೂ ಹೋದೆವು. ಪರೀಕ್ಷಕರಿಗೆ ಮಾಸಿ ಟೀ ಕಾಸಿಕೊಟ್ಟೆವು. ಅವರೂ ಅಪಾಯದ ಮನೆಯನ್ನು ನೋಡಿ, ಬೆಟ್ಟದ ಬಗ್ಗೆ ಅದೇ ಪ್ರಶ್ನೆ ಕೇಳಿದರು. ಅದು ಭೋಜಣ್ಣ ಬರೆದದ್ದು ಸಾರ್, ಹಾಗೆಯೇ ಇರಲಿ ಎಂದಳು ನಿರ್ಮಲಾ. ಅವರು ಲೋಟ ಬರಿದು ಮಾಡಿ, ಮುಂದಿನ ಪುಟ ತಿರುಗಿಸಿದರು.

ಅಂದು ಸಂಜೆ ಉಳಿದ ಒಂದು ಪಾಕೆಟ್ ಹಿಡಿದು ನಾನೊಬ್ಬಳೇ ಹಟ್ಟಿಗೆ ಹೋದೆ. ಮಾಸಿಯಮ್ಮ ಬಿಳಿ ವಸ್ತ್ರ ತಲೆಗೆ ಕಟ್ಟಿಕೊಂಡು ಹೊರಜಗುಲಿಯಲ್ಲಿ ಕೂತಿದ್ದರು. ನಾನು ತಲೆ ಬಾಗಿಸಿದೆ. ಕೈಯಿಟ್ಟು, "ಒಂದು ಒಂಬತ್ತಾಗಲಿ. ಬದುಕು ಕೂಸೆ" ಎಂದು ಹರಸಿದರು. ಆ ಕೈ ತಲೆಯ ಮೇಲೆಯೇ ಉಳಿಯಿತು.

"ಕಣ್ಣೇಕೆ ಹಿಂಗೆ? ಒರಗುವದಿಲ್ಲೆಯಾ? ಜೀಪಲಿ ಒಂದು ಕೂಸು ಬಪ್ಪದು, ಗುಡುಗಿದರೂ ಏಳದು ಎಂದು ಹೇಳುವ ಎನ್ನ ಮಗ. ಅದು ನೀನೇ ಅಲ್ಲವಾ?"

ನಾನು ಪಾಕೆಟ್ಟನ್ನು ಅವರ ಕೈಗಿಟ್ಟೆ. ಅವರು ಒಳಗೆ ಕರೆದು ಒಲೆಯ ಪಕ್ಕ ಚಾಪೆ ಹಾಸಿದರು. ನಮ್ಮ ಮನೆಗೆ ಪಕ್ಕದವರಿಂದ ಫೋನ್ ಮಾಡಿಸಿದರು. ಸ್ವಲ್ಪ ಹೊತ್ತು ಒರಗು, ಎಬ್ಬಿಸುವೆ ಎಂದರು.

ಕಣ್ಣು ಬಿಟ್ಟಾಗ ಕಿಟಕಿಯಲ್ಲಿ ಬಿಸಿಲಿತ್ತು. ಅಂಗಳದ ಕಲ್ಲುಗಳೆಲ್ಲ ಒದ್ದೆಯಾಗಿದ್ದವು. ಮಾಸಿಯಮ್ಮ ಒಲೆಯ ಮುಂದೆ, ನಾನು ಮಲಗುವಾಗ ಕೂತಿದ್ದ ಜಾಗದಲ್ಲೇ ಕೂತು ಚಹಾ ಸೋಸುತ್ತಿದ್ದರು.

"ಇರುಳೆಲ್ಲ ಮಳೆ ಕೂಸೆ. ನೀ ಏಳಲಿಲ್ಲೆ" ಎಂದು ಲೋಟ ಕೊಟ್ಟರು.

ಅವರ ಚಾಪೆ, ಸುತ್ತಿದ್ದು ಸುತ್ತಿದಂತೆಯೇ, ಮೂಲೆಯಲ್ಲಿ ನಿಂತಿತ್ತು.