ಮಗುಚಿ ಹಾಕಿಕೊಂಡ ಗುರುತಿನ ಚೀಟಿ

ನಮ್ಮ ಭಾವನವರ ಕೊರಳಲ್ಲಿ ಯಾವಾಗಲೂ ಒಂದು ಕಡುನೀಲಿ ಪಟ್ಟಿ ಇರುತ್ತಿತ್ತು. ಅದರ ತುದಿಯಲ್ಲಿ ಕಚೇರಿಯ ಗುರುತಿನ ಚೀಟಿ, ಅದೂ ಮಗುಚಿಕೊಂಡು, ಫೋಟೊ ಎದೆಯ ಕಡೆಗೆ. ಕೊತ್ತಂಬರಿ ಸೊಪ್ಪು ತರಲು ಹೋದರೂ ಪಟ್ಟಿ ಕೊರಳಲ್ಲೇ, ಮದುವೆಮನೆಯ ಪಂಕ್ತಿಯಲ್ಲೂ ಕೊರಳಲ್ಲೇ. ಸಾರು ಬಡಿಸುವವನು ಬಗ್ಗಿದಾಗ ಎಡಗೈಯಿಂದ ಚೀಟಿಯನ್ನು ಮುಚ್ಚಿಕೊಳ್ಳುತ್ತಿದ್ದರು. ಕಚೇರಿಯಿಂದ ಹೊರಗೆ ಬಂದ ಮೇಲೆ ಅದನ್ನು ತೆಗೆದು ಜೇಬಿನಲ್ಲಿ ಇಟ್ಟುಕೊಳ್ಳಬೇಕೆನ್ನುವುದು ಅಲ್ಲಿನ ನಿಯಮವಂತೆ. ಜೇಬಿಗೆ ಹೋದರೆ ಯಾರಿಗೂ ಕಾಣುವುದಿಲ್ಲವಲ್ಲ! ತಮ್ಮ ಬಳಿ ಒಂದು ಗುಟ್ಟಿದೆ ಎಂದು ಊರಿಗೆಲ್ಲ ಗೊತ್ತಾಗಬೇಕು, ಗುಟ್ಟು ಮಾತ್ರ ಗೊತ್ತಾಗಬಾರದು. ಈ ಎರಡು ಆಸೆಗಳ ನಡುವೆಯೇ ಅವರ ಬದುಕು ಸಾಗಿತು.

ಭಾವ ಎಂದರೆ ನನ್ನ ಯಜಮಾನರ ಅಣ್ಣ. ಸಹಕಾರನಗರದ ನಮ್ಮ ಮನೆಯಲ್ಲಿ ಅವರೂ ಅಕ್ಕನೂ ಮೇಲಿನ ಮಹಡಿ, ನಾವು ಕೆಳಗೆ. ಅಕ್ಕ ನನ್ನ ಓರಗಿತ್ತಿ, ಧಾರವಾಡದ ಕಡೆಯವರು. ಸತ್ತವರ ಬಗ್ಗೆ ಕೆಟ್ಟ ಮಾತಾಡಬಾರದೆಂದು ಕಾನ್ವೆಂಟಿನಲ್ಲಿ ಸಿಸ್ಟರ್‌ಗಳು ನಮಗೆ ಕಲಿಸಿದ್ದಾರೆ. ಆದ್ದರಿಂದ ಕಂಡಷ್ಟನ್ನೇ ಬರೆಯುತ್ತೇನೆ, ಮರ್ಯಾದೆ ಕೊಟ್ಟೇ ಬರೆಯುತ್ತೇನೆ.

ಹೆಬ್ಬಾಳದಾಚೆ, ಎತ್ತರದ ಗೋಡೆಯ ಮೇಲೆ ಮುಳ್ಳುತಂತಿ ಸುತ್ತಿದ ಒಂದು ಸಂಶೋಧನಾಲಯದಲ್ಲಿ ಅವರ ನೌಕರಿ. ನಮ್ಮ ಬೀದಿಯವರು ಅವರನ್ನು ವಿಜ್ಞಾನಿ ಎಂದೇ ತಿಳಿದಿದ್ದರು. ಹಾಲಿನವನು, "ಒಳಗಡೆ ಏನ್ ಮಾಡ್ತೀರಾ ಸಾರ್? ರಾಕೆಟ್ಟಾ?" ಎಂದರೆ ಭಾವ ಆಕಾಶ ನೋಡಿ ಸಣ್ಣಗೆ ನಗುತ್ತಿದ್ದರು. ಅಲ್ಲ ಎನ್ನುತ್ತಿರಲಿಲ್ಲ. ನಿಜವಾಗಿ ಅವರಿದ್ದದ್ದು ದಾಖಲೆ ವಿಭಾಗದಲ್ಲಿ. ಗೋಪ್ಯ ಕಡತ ಬಂದರೆ ಹೊದಿಕೆಯ ಮೇಲಿನ ನಂಬರು ಬರೆದುಕೊಳ್ಳುವುದು, ಯಾರು ಒಯ್ದರು, ಯಾವಾಗ ತಂದುಕೊಟ್ಟರು ನೋಡುವುದು, ಸಂಜೆ ಕಪಾಟಿಗೆ ಬೀಗ ಹಾಕಿ ಅರಗಿನ ಮುದ್ರೆ ಒತ್ತುವುದು. ಕಡತ ಬಿಚ್ಚಿ ಓದುವ ಅಧಿಕಾರ ಅವರಿಗೆ ಇರಲಿಲ್ಲ. ಕೆಲಸ ಕೀಳೆಂದು ನಾನು ಹೇಳುತ್ತಿಲ್ಲ. ಅದನ್ನೂ ಯಾರಾದರೂ ಸರಿಯಾಗಿ ಮಾಡಲೇಬೇಕು, ಅವರು ಸರಿಯಾಗಿಯೇ ಮಾಡಿರಬಹುದು. ನನ್ನ ತಕರಾರು ಇಷ್ಟೇ: ಬೆಳಿಗ್ಗೆ ಗೇಟಿನಲ್ಲಿ ಮೊಬೈಲ್ ಒಪ್ಪಿಸಿ ಒಳಗೆ ಹೋಗುತ್ತಿದ್ದ ಮನುಷ್ಯ, ಸಂಜೆ ಮೊಬೈಲಿನ ಜೊತೆಗೆ ಆ ಗೇಟನ್ನೂ ಮನೆಗೆ ಹೊತ್ತು ತರುತ್ತಿದ್ದರು.

ನಾನು ಹುಳಿಯ ಬಟ್ಟಲು ಹಿಡಿದು ಮೇಲೆ ಹೋದರೆ ಓದುತ್ತಿದ್ದ ಪೇಪರನ್ನು ಮಗುಚಿಡುತ್ತಿದ್ದರು. ಅದೇ ಪೇಪರು ನಮ್ಮ ಮನೆಗೂ ಬರುತ್ತಿತ್ತು. ದಿನಸಿ ಚೀಟಿಯನ್ನು ಚೂರುಚೂರು ಮಾಡಿ ಅರ್ಧ ಒಂದು ಬುಟ್ಟಿಗೆ, ಅರ್ಧ ಇನ್ನೊಂದು ಬುಟ್ಟಿಗೆ ಹಾಕುತ್ತಿದ್ದರು, ನಾವು ತೊಗರಿಬೇಳೆ ತಿನ್ನುವ ಸಂಗತಿ ಶತ್ರುದೇಶಕ್ಕೆ ತಿಳಿಯದಿರಲೆಂದು. ಮಲಗುವ ಮುಂಚೆ ಕೆಳಗಿಳಿದು ಬಂದು ಗೇಟಿನ ಚಿಲಕ ಅಲ್ಲಾಡಿಸಿ ನೋಡುವುದು ತಪ್ಪುತ್ತಿರಲಿಲ್ಲ. ಹಗಲಲ್ಲಿ ಯಾರಾದರೂ ಚಿಲಕ ಹಾಕದೆ ಹೋದರೋ, ಅವತ್ತು ವಿಚಾರಣೆ. "ಕೊನೇಲಿ ಹೊರಗೆ ಹೋದೋರು ಯಾರು?"

ಎಲ್ಲಕ್ಕಿಂತ ಮಿಗಿಲಾಗಿ ಅವರದೊಂದು ಪ್ರಶ್ನೆ ಇತ್ತು. "ಭಾವ, ನಾಳೆ ನೀರು ಬರಲ್ವಂತೆ" ಎಂದು ನಾನು ಮೆಟ್ಟಿಲ ಕೆಳಗಿನಿಂದ ಹೇಳಿದರೆ ಮೇಲಿನಿಂದ ಬರುತ್ತಿತ್ತು: "ಹಾಗಂತ ಯಾರು ಹೇಳಿದ್ದು? ಯಾವಾಗ ಹೇಳಿದ್ದು? ರೆಫರೆನ್ಸ್ ಏನು?" ಪಕ್ಕದ ಮನೆಯವರು ಹೇಳಿದರೆಂದರೆ ಕೈ ಬೀಸಿ, "ರೆಫರೆನ್ಸ್ ಇಲ್ಲದ ಮಾತು ಮಾತೇ ಅಲ್ಲಮ್ಮ" ಎನ್ನುತ್ತಿದ್ದರು. ಮರುದಿನ ನೀರು ಬರುತ್ತಿರಲಿಲ್ಲ. ನಾನು ತುಂಬಿಟ್ಟ ಡ್ರಮ್ಮಿನಿಂದ ಕೊಡ ಹೊತ್ತು ಮೆಟ್ಟಿಲು ಹತ್ತುತ್ತಿದ್ದವರು ಅಕ್ಕ.

ಅಕ್ಕ ಮದುವೆಗೆ ಮುಂಚೆಯೇ ಶಾಲೆಯಲ್ಲಿ ಕಲಿಸುವ ತರಬೇತಿ ಮುಗಿಸಿದ್ದವರು. ಬೀದಿಯ ಮಕ್ಕಳು ಸಂಜೆ ಅವರನ್ನು ಹುಡುಕಿಕೊಂಡು ಬಂದು ನಮ್ಮ ಮೆಟ್ಟಿಲ ಮೇಲೆ ಕೂರುತ್ತಿದ್ದವು. ಅಕ್ಕ ಹುರುಳಿಕಾಯಿ ಬಿಡಿಸುತ್ತ ಕಥೆ ಹೇಳುತ್ತಿದ್ದರು. ನರಿ ಬಂದಾಗ ದನಿ ಸಣ್ಣದಾಗುತ್ತಿತ್ತು, ಮಕ್ಕಳ ಬಾಯಿ ತೆರೆದೇ ಇರುತ್ತಿತ್ತು. ನಾನು ಓದಿದ ಆರ್.ಟಿ. ನಗರದ ಕಾನ್ವೆಂಟಿನಲ್ಲಿ ಚಿಕ್ಕ ತರಗತಿಗಳಿಗೆ ಟೀಚರ್ ಬೇಕಾಗಿದ್ದಾರೆಂದು ತಿಳಿದಾಗ ಹೋಗಿ ಹೆಡ್ ಸಿಸ್ಟರ್ ಹತ್ತಿರ ಮಾತಾಡಿ ಬಂದೆ. ಅವರು ಒಪ್ಪಿದರು. ಅಕ್ಕ ಅದೇ ದಿನ ಎರಡು ಹತ್ತಿ ಸೀರೆಗೆ ಗಂಜಿ ಹಾಕಿ ಇಸ್ತ್ರಿ ಮಾಡಿಸಿದರು.

ಸಂಜೆ ಭಾವ ಶೂ ಬಿಚ್ಚುತ್ತಲೇ ಹೇಳಿದರು. "ಸಾಧ್ಯವಿಲ್ಲ. ಕ್ಲಿಯರೆನ್ಸ್ ಸಿಗಲ್ಲ. ನನ್ನಂಥವರ ಹೆಂಡತಿ ಹೊರಗೆ ಕೆಲಸಕ್ಕೆ ಹೋಗೋ ಹಾಗಿಲ್ಲ. ಲ್ಯಾಬ್ ರೂಲ್ಸು."

"ಒಮ್ಮೆ ಕೇಳಿ ನೋಡ್ರಿ" ಎಂದರು ಅಕ್ಕ.

"ಕೇಳೋದೇ ತಪ್ಪು. ಕೇಳಿದ್ರೆ ನನ್ನ ಮೇಲೆ ಅನುಮಾನ ಬರುತ್ತೆ."

ಇಸ್ತ್ರಿ ಸೀರೆಗಳು ಬೀರುವಿನ ತಳಕ್ಕೆ ಹೋದವು. ಆಮೇಲೆ ಒಂದೊಂದಾಗಿ ಉಳಿದ ರೂಲ್ಸು ಬಂದವು. ಮನೆಯಲ್ಲಿ ಅನ್ಯರು ರಾತ್ರಿ ತಂಗುವ ಹಾಗಿಲ್ಲ. ಧಾರವಾಡದಿಂದ ಬಂದ ಅಕ್ಕನ ಸ್ವಂತ ತಮ್ಮ ಯಶವಂತಪುರದ ಲಾಡ್ಜಿನಲ್ಲಿ ಉಳಿದು, ಊಟಕ್ಕೆ ಮಾತ್ರ ಬಂದು ಹೋದ. ಎಲ್ಲರ ಕೈಗೂ ಸ್ಮಾರ್ಟ್‌ಫೋನ್ ಬಂದರೂ ಅಕ್ಕನ ಕೈಯಲ್ಲಿ ಗುಂಡಿ ಒತ್ತುವ ಡಬ್ಬಿ. ನಾವೆಲ್ಲ ನಂಬಿದೆವು. ಮುಳ್ಳುತಂತಿಯ ಜೊತೆ ಯಾರು ವಾದ ಮಾಡುತ್ತಾರೆ?

ಭಾವ ನಿವೃತ್ತರಾದ ದಿನ ಬೀಳ್ಕೊಡುಗೆಗೆ ಮನೆಯವರನ್ನೂ ಕರೆದಿದ್ದರು. ಹೊರಗೇಟಿನ ಪಕ್ಕದ ಕ್ಯಾಂಟೀನ್ ಹಾಲಿನಲ್ಲಿ ಸಮಾರಂಭ. ಅಕ್ಕನ ಜೊತೆಗೆ ನಾನೂ ಹೋದೆ. ವೇದಿಕೆಯ ಮೇಲೆ ದೊಡ್ಡ ಅಧಿಕಾರಿಯೊಬ್ಬರು ಭಾವನವರ ಹೆಸರನ್ನು ಚೀಟಿ ನೋಡಿ ಓದಿ, ಇವರ ಬಾಯಿಂದ ಒಂದು ಮಾತೂ ಸೋರಲಿಲ್ಲ ಎಂದು ಹೊಗಳುತ್ತಿದ್ದರು. ಅಷ್ಟರಲ್ಲಿ ನಮ್ಮ ಪಕ್ಕದ ಕುರ್ಚಿಗೆ ಒಬ್ಬಾಕೆ ಏದುಸಿರು ಬಿಡುತ್ತ ಬಂದು ಕೂತರು. ಭಾವನವರ ಕೈಕೆಳಗೆ, ಅದೇ ವಿಭಾಗದಲ್ಲಿದ್ದವರ ಹೆಂಡತಿ.

"ಸ್ಕೂಲಿಂದ ಹಾಗೇ ಓಡ್ಬಂದೆ ಕಣ್ರೀ. ನೋಡಿ, ಸೆರಗೆಲ್ಲ ಸೀಮೆಸುಣ್ಣ."

ಅಕ್ಕನ ಕೈಯಲ್ಲಿದ್ದ ಮೈಸೂರುಪಾಕು ಅಲ್ಲೇ ನಿಂತಿತು. "ನಿಮಗ ಲ್ಯಾಬಿನವ್ರು ಕೆಲಸಕ್ಕ ಹೋಗ್ಲಿಕ್ಕೆ ಬಿಟ್ಟಾರೇನ್ರೀ?"

"ಅವರ್ಯಾಕೆ ಬಿಡ್ಬೇಕು?"

"ಕ್ಲಿಯರೆನ್ಸ್ ಬೇಕಂತಲ್ಲ."

ಆಕೆ ನಕ್ಕುಬಿಟ್ಟರು. "ನಾನು ಎರಡನೇ ಕ್ಲಾಸಿಗೆ ಮಗ್ಗಿ ಹೇಳ್ಕೊಡ್ತೀನಿ ಮೇಡಂ! ಅದಕ್ಕೆ ಯಾರ ಕ್ಲಿಯರೆನ್ಸು? ಸೆಕ್ಷನ್‌ನಲ್ಲಿ ಎಷ್ಟೋ ಜನರ ಹೆಂಡ್ತೀರು ಕೆಲ್ಸಕ್ಕೆ ಹೋಗ್ತಾರೆ. ಸಾರ್‌ಗೇ ಗೊತ್ತಿದೆಯಲ್ಲ, ನಮ್ ಸ್ಕೂಲ್ ಡೇಗೆ ಗೆಸ್ಟಾಗಿ ಬಂದು ಪ್ರೈಜ್ ಕೊಟ್ಟು ಹೋಗಿದಾರೆ."

ಮುಂದೆ ಚಪ್ಪಾಳೆ ಬಿತ್ತು. ಭಾವನವರಿಗೆ ಶಾಲು ಹೊದಿಸುತ್ತಿದ್ದರು. ಅಕ್ಕ ಮೈಸೂರುಪಾಕನ್ನು ಪೂರ್ತಿ ತಿಂದರು, ಕೈ ಒರೆಸಿಕೊಂಡರು. ಭಾವ ಗೆಳೆಯರ ಕಾರಿನಲ್ಲಿ ಬರುತ್ತೇನೆಂದಿದ್ದರಿಂದ ನಾವಿಬ್ಬರೂ ಆಟೋ ಹತ್ತಿದೆವು. ಹೆಬ್ಬಾಳದ ಫ್ಲೈಓವರ್ ಹತ್ತುವಾಗ ಅಕ್ಕ, "ತಂಗಿ, ನಿಮ್ಮ ಕಾನ್ವೆಂಟಿನ ಸಿಸ್ಟರ್ ಇನ್ನೂ ಅದಾರೇನು?" ಎಂದರು.

ಸಿಸ್ಟರ್ ತೀರಿಕೊಂಡಿದ್ದರು. ಅಕ್ಕನ ತಲೆಯೂ ಬೆಳ್ಳಗಾಗಿತ್ತು, ಕಾನ್ವೆಂಟಿನವರು ಆ ವಯಸ್ಸಿನವರನ್ನು ತೆಗೆದುಕೊಳ್ಳುವುದಿಲ್ಲ. ಕೊಡಿಗೇಹಳ್ಳಿ ಕಡೆಯ ಒಂದು ಪುಟ್ಟ ಶಿಶುವಿಹಾರದವರು, ಕಥೆ ಹೇಳುವ ಅಜ್ಜಿ ಸಿಕ್ಕರೆ ಬೇಡವೆನ್ನುತ್ತೇವೆಯೇ ಎಂದು ಕರೆದರು. ಅಕ್ಕ ಆ ವಿಷಯ ಎತ್ತಿದಾಗ ನಾನು ಕೋಸಂಬರಿ ಕೊಡಲು ಮೇಲೆ ಹೋಗಿದ್ದೆ. ಭಾವನವರ ಕೊರಳಲ್ಲಿ ಆಗಲೂ ಆ ನೀಲಿ ಪಟ್ಟಿ. ಗುರುತಿನ ಚೀಟಿಯನ್ನು ಕಚೇರಿಯವರು ವಾಪಸ್ಸು ತೆಗೆದುಕೊಂಡಿದ್ದರು. ತುದಿಗೆ ಮನೆಯ ಕೀಲಿಕೈ ಸಿಕ್ಕಿಸಿ, ಯಾರಿಗೂ ಕಾಣದಂತೆ ಅಂಗಿಯ ಜೇಬಿನೊಳಗೆ ಇಳಿಬಿಟ್ಟಿದ್ದರು.

"ಆಗಲ್ಲ. ರಿಟೈರ್ ಆದ್ಮೇಲೂ ಕೆಲವು ವರ್ಷ ನಮ್ಮ ಮೇಲೆ ನಿಗಾ ಇರುತ್ತೆ. ಆರ್ಡರ್ ಇದೆ."

ಅಕ್ಕ ಸೆರಗು ಸಿಕ್ಕಿಸಿಕೊಂಡರು. "ಯಾವ ಆರ್ಡರ್‌ರೀ? ನಂಬರ್ ಹೇಳ್ರಿ, ತಾರೀಖ್ ಹೇಳ್ರಿ. ರೆಫರೆನ್ಸ್ ಇಲ್ಲದ ಮಾತು ಮಾತ ಅಲ್ಲ ಅಂತ ನೀವ ಹೇಳೀರಿ."

ಭಾವ ಪೇಪರನ್ನು ಮಗುಚಿಟ್ಟರು. ಕನ್ನಡಕ ತೆಗೆದರು, ಮತ್ತೆ ಹಾಕಿಕೊಂಡರು. ಕೊನೆಗೆ ಅವರು ಹೇಳಿದ್ದನ್ನು ನಾನು ಸಾಯುವ ತನಕ ಮರೆಯುವುದಿಲ್ಲ. "ಅದು... ಬಾಯ್ಮಾತಿನ ಆರ್ಡರ್."

"ಹಂಗಾದ್ರ ನಾನೂ ಬಾಯಿಮಾತಿಲೇನ ಹೇಳ್ತೀನ್ರಿ. ನಾಳಿಂದ ಹೊಂಟೀನಿ."

ತಪ್ಪಾಯಿತು ಎಂದು ಅವರು ಒಂದು ದಿನವೂ ಹೇಳಲಿಲ್ಲ. ಬೀದಿಯವರಿಗೆ, "ನಮ್ಮನೆಯವರು ಸ್ವಲ್ಪ ಸಮಾಜಸೇವೆ ಮಾಡ್ತಾರೆ, ನಾನೇ ಹೋಗು ಅಂದೆ" ಎಂದು ಹೇಳಿಕೊಂಡು ತಿರುಗಿದರು. ಯಾಕೆ ಹಾಗೆ ಮಾಡಿದರು ಎಂದು ಪಾತ್ರೆ ತೊಳೆಯುತ್ತ ಎಷ್ಟೋ ಸಲ ಯೋಚಿಸಿದ್ದೇನೆ. ಕಚೇರಿಯಲ್ಲಿ ಒಂದು ಹೊದಿಕೆಯನ್ನೂ ಬಿಚ್ಚುವ ಹಾಗಿಲ್ಲದ ಮನುಷ್ಯ, ಮನೆಯಲ್ಲಿ ಮುಚ್ಚಿಡಬಹುದಾದ್ದನ್ನೆಲ್ಲ ಮುಚ್ಚಿಟ್ಟರು. ಅದಕ್ಕಿಂತ ದೊಡ್ಡ ಕಾರಣ ನನಗೆ ಹೊಳೆದಿಲ್ಲ. ಅಷ್ಟು ಸಣ್ಣ ಕಾರಣಕ್ಕೆ ಒಬ್ಬಾಕೆಯ ಇಡೀ ಪ್ರಾಯ ಹೋಯಿತು.

ಹೋದ ವರ್ಷ ಒಂದು ಮಧ್ಯಾಹ್ನ ಊಟ ಮಾಡಿ ಮಲಗಿದವರು ಏಳಲಿಲ್ಲ. ಅಕ್ಕ ಶಿಶುವಿಹಾರದಲ್ಲಿದ್ದರು. ಕಾಫಿ ಕೊಡಲು ಹೋಗಿ ಮೊದಲು ನೋಡಿದವಳು ನಾನೇ. ಹೃದಯ ನಿಂತಿದೆ, ನಿದ್ದೆಯಲ್ಲೇ ಹೋಗಿದ್ದಾರೆ ಎಂದರು ಡಾಕ್ಟರು. ಆದರೂ ಮನೆ ತುಂಬಿದ್ದ ನೆಂಟರ ಬಾಯಲ್ಲಿ ಒಂದೇ ಮಾತು ಸುತ್ತುತ್ತಿತ್ತು: ಅವಳು ಮನೆಯಲ್ಲಿ ಇದ್ದಿದ್ದರೆ.

ಕರ್ಮಗಳೆಲ್ಲ ಮುಗಿದ ದಿನ ಸಂಜೆ ಬಾಗಲಗುಂಟೆಯ ಚಿಕ್ಕತ್ತೆ, ನಮ್ಮ ಅತ್ತೆಯವರ ತಂಗಿ, ಅದನ್ನು ಗಟ್ಟಿಯಾಗಿಯೇ ಆಡಿದರು. "ಮನೇಲಿದ್ದು ನೋಡ್ಕೊಂಡಿದ್ರೆ ಉಳೀತಿದ್ನೋ ಏನೋ. ಆಗಿದ್ದಾಯ್ತು. ಇನ್ನಾದ್ರೂ ವರ್ಷ ಕಳೆಯೋ ತನಕ ಹೊಸ್ತಿಲು ದಾಟ್ಬೇಡ ಕಣೇ. ಆ ಮಕ್ಕಳ ಸ್ಕೂಲು ಗೀಲು ಸಾಕು. ನಮ್ಮಲ್ಲಿ ಹಾಗೇ ನಡ್ಕೊಂಡು ಬಂದಿರೋದು."

ಅಕ್ಕ ತಲೆ ತಗ್ಗಿಸಿದರು. ಹಿಂದೆ ಆ ಸೀರೆಗಳನ್ನು ಬೀರುವಿನ ತಳಕ್ಕೆ ಇಡುವಾಗ ಇದ್ದ ಮುಖವೇ ಅದು. ವರ್ಷ ಕಳೆಯುವ ಹೊತ್ತಿಗೆ ಶಿಶುವಿಹಾರದವರು ಬೇರೆ ಯಾರನ್ನಾದರೂ ನೋಡಿಕೊಂಡಿರುತ್ತಾರೆ, ಅದು ಅಲ್ಲಿ ಕೂತವರಿಗೆಲ್ಲ ಗೊತ್ತಿತ್ತು. ಹಿರಿಯರಿಗೆ ನಾನು ಎದುರು ಮಾತಾಡಿದವಳಲ್ಲ. ಕಾಫಿ ಲೋಟಗಳ ತಟ್ಟೆ ಕೈಯಲ್ಲಿತ್ತು. ಬಾಯಿಂದ ಮಾತು ತಾನಾಗಿ ಹೊರಬಿತ್ತು.

"ಹಾಗಂತ ಯಾರು ಹೇಳಿದ್ದು ಚಿಕ್ಕತ್ತೆ? ಯಾವಾಗ ಹೇಳಿದ್ದು? ರೆಫರೆನ್ಸ್ ಏನು?"

ಗೋಡೆಯ ಮೇಲೆ ಗಂಧದ ಹಾರದೊಳಗಿಂದ ಭಾವ ನಮ್ಮನ್ನೇ ನೋಡುತ್ತಿದ್ದರು. ಆ ಫೋಟೊದಲ್ಲೂ ಕೊರಳಲ್ಲಿ ಪಟ್ಟಿ. ಅಕ್ಕ ಮುಖಕ್ಕೆ ಒತ್ತಿಕೊಂಡಿದ್ದ ಸೆರಗಿನೊಳಗಿಂದ ಏನೋ ಸದ್ದು ಬಂತು. ಅಕ್ಕ ಅಳುತ್ತಿದ್ದಾರೆಂದು ಎಲ್ಲರೂ ತಿರುಗಿ ನೋಡಿದರು. ಅಕ್ಕ ನಗುತ್ತಿದ್ದರು.

ಭಾವನವರಿಂದ ನನಗೆ ಬಂದದ್ದು ಆ ಪ್ರಶ್ನೆ ಒಂದೇ. ಅದಕ್ಕೆ ಋಣಿಯಾಗಿದ್ದೇನೆ, ಬೇರೆ ಯಾವುದಕ್ಕೂ ಅಲ್ಲ.

ಸೋಮವಾರ ಬೆಳಿಗ್ಗೆ ಮೆಟ್ಟಿಲ ಮೇಲೆ ಅಕ್ಕನ ಚಪ್ಪಲಿಯ ಸದ್ದಾಯಿತು. ಗಂಜಿ ಹಾಕಿದ ಹತ್ತಿ ಸೀರೆ ಉಟ್ಟಿದ್ದರು. ತಡವಾಗಿತ್ತೇನೋ, ಗೇಟು ತೆರೆದವರು ಚಿಲಕ ಹಾಕದೆಯೇ ಹೋದರು. ನಾನು ಅಡುಗೆಮನೆಯ ಕಿಟಕಿಯಿಂದ ನೋಡಿದೆ. ಹಾಕಲು ಹೋಗಲಿಲ್ಲ.