ಚೆಕ್ ಮಾಡಿಸುವುದು

ನವೆಂಬರ್ 16, ಭಾನುವಾರ, ಬೆಳಗ್ಗೆ ಹತ್ತೂಕಾಲು. ಬೆಳಗೊಳ.

ನಮ್ಮ ಮನೆಯಲ್ಲಿ ಅತಿ ಹೆಚ್ಚು ಬಳಕೆಯಾಗುವ ಇಂಗ್ಲಿಷ್ ಕ್ರಿಯಾಪದ ‘ಚೆಕ್’. ಈ ವಾರ ಕಿವಿಗೆ ಬಿದ್ದದ್ದನ್ನೆಲ್ಲ ಗುರುತು ಹಾಕಿಕೊಂಡೆ. ಡೇರಿಯಲ್ಲಿ ಹಾಲು ಚೆಕ್ ಮಾಡುತ್ತಾರೆ. ಪಾಂಡವಪುರದ ಬಸ್ಸಿನಲ್ಲಿ ಟಿಕೆಟ್ ಚೆಕ್ ಮಾಡುತ್ತಾರೆ. ಅಪ್ಪ ಶುಗರ್ ಚೆಕ್ ಮಾಡಿಸುತ್ತಾರೆ. ಒಟ್ಟು ಮೂವತ್ತೊಂದು ಸಲ. ಅದರಲ್ಲಿ ಒಂಬತ್ತು ಸಲ, ಚೆಕ್ ಮಾಡಿಸಬೇಕಾದದ್ದು ಏನು ಎಂದು ಯಾರೂ ಹೇಳಲಿಲ್ಲ. ಹೇಳುವ ಅಗತ್ಯವೂ ಇರಲಿಲ್ಲ. ತವರಿಗೆ ಬಂದಿರುವ ನನ್ನ ಅಕ್ಕ ನಾಲ್ಕು ತಿಂಗಳ ಬಸುರಿ. ಮೊದಲನೆಯದು ಹೆಣ್ಣು.

ಸೋಮವಾರ ಶೀಳನೆರೆಯಿಂದ ಅವಳ ಅತ್ತೆ ಬಂದರು. ನಮ್ಮ ಜೊತೆ ಅವರೆಕಾಯಿ ಸುಲಿಯುತ್ತಲೇ ಅಂದರು: “ಬಾನುವಾರ ಕಾರ್ ತತ್ತೀವಿ ಕಣವ್ವ. ಚೆಕ್ ಮಾಡುಸ್ಕಂಡು ಬಂದ್ಬುಡನ. ಗಂಡಾದ್ರೆ ಮಡೀಕಂಡ್ರಾಯ್ತು.”

“ಎಣ್ಣಾದ್ರೆ?” ಅಕ್ಕ ಕೇಳಿದಳು.

ಅವರು ಹುಳ ಬಿದ್ದ ಕಾಯೊಂದನ್ನು ಆರಿಸಿ ಅಂಗಳಕ್ಕೆ ಎಸೆದರು. “ಅದ್ನೂ ಬಾಯ್ಬುಟ್ಟು ಯೋಳ್ಬೇಕಾ?”

“ಅಂಗೆ ಮಾಡ್ಸುದ್ರೆ ಜೈಲಾಯ್ತದೆ” ಅಂದೆ. ಅವ್ವ ಒಳಗಿನಿಂದ ಗದರಿದಳು: “ಯೆಂಗುಸ್ರ ಮಾತು ನಿಂಗ್ಯಾಕ್ಲಾ? ಡೇರಿಗೆ ಒತ್ತಾಯ್ತು, ಓಗು.”

ಅತ್ತೆಯ ಮೇಲಿನ ಅಸಹ್ಯವನ್ನು ಹೇಗೋ ಸಹಿಸಬಲ್ಲೆ, ಅವರು ಬೇರೆ ಮನೆಯವರು. ಆ ಒಂಬತ್ತರಲ್ಲಿ ಆರು ಸಲ ಹೇಳಿದ್ದು ನನ್ನ ಅವ್ವ. ಮಗಳ ತಲೆಗೆ ಎಣ್ಣೆ ಹಚ್ಚುತ್ತಾ, ಮುದ್ದೆ ಬಡಿಸುತ್ತಾ: “ಒಂದ್ಕಿತ ಚೆಕ್ ಮಾಡುಸ್ಕಂಡ್ರೆ ನಿನ್ ಗಂಟೇನ್ ಓಯ್ತದೆ, ಮಗ?” ಗ್ಯಾಸ್ ಆಫ್ ಆಗಿದೆಯಾ ಚೆಕ್ ಮಾಡು ಅನ್ನುವಾಗಲೂ ಅದೇ ದನಿ. ಅದನ್ನು ಕೇಳಿ ಕೇಳಿ ಗುರುವಾರದಿಂದ ಅವಳ ಕೈಯಡುಗೆ ನನಗೆ ಸೇರುತ್ತಿಲ್ಲ.

ಇವತ್ತು ಒಂಬತ್ತೂವರೆಗೆ ಕಾರು ಬಂತು. ಅತ್ತೆ ಇಳಿದರು. ಅಕ್ಕ ಜಗಲಿಯ ಮೇಲೆ ಕೂತು ಮಗಳಿಗೆ ಜಡೆ ಹಾಕುತ್ತಿದ್ದವಳು ಏಳಲಿಲ್ಲ.

“ನಾ ಬರಾಕಿಲ್ಲ ಅತ್ತೆ. ಚೆಕ್ ಮಾಡುಸ್ದೆ ಇದ್ದುದ್ಕೇ ಇವ್ಳು ಉಟ್ಟವ್ಳೆ.”

“ಅಂಗಾದ್ರೆ ನಿಮ್ಮವ್ವನ ಮನೇಲೇ ಬಿದ್ದಿರು” ಎಂದು ಅತ್ತೆ ಮತ್ತೆ ಕಾರು ಹತ್ತಿದರು. ಅವ್ವ ಬಾಗಿಲಲ್ಲಿ ನಿಂತು ಅಳುತ್ತಿದ್ದಳು. ಮಗಳಿಗಾಗಿಯೋ ಬೀಗರಿಗಾಗಿಯೋ, ನಾನು ಕೇಳಲಿಲ್ಲ.

ಕಾರು ತಿರುಗಿಸುತ್ತಾ ಡ್ರೈವರ್ ಫೋನಿನಲ್ಲಿ ಯಾರಿಗೋ ಹೇಳಿದ: “ಇವ್ರು ಬರಾಕಿಲ್ವಂತೆ ಕಣಣ್ಣ. ನಾಗಮಂಗಲದವ್ರುನ್ನ ಕರ್ಕಂಡು ಬತ್ತೀನಿ, ಬುಡು.”

ಅಂದರೆ ಇನ್ನು ಸ್ವಲ್ಪ ಹೊತ್ತಿನಲ್ಲಿ ಇನ್ನೊಂದು ಮನೆಯ ಮುಂದೆ ಆ ಕಾರು ನಿಲ್ಲಬಹುದು. ಅಲ್ಲಿಂದ ಎಲ್ಲಿಗೆ ಹೋಗುತ್ತದೆಂದು ನನಗೆ ತಿಳಿಯದು. ಇದನ್ನು ಓದುತ್ತಿರುವವರಲ್ಲಿ ತಿಳಿದವರು ದಯವಿಟ್ಟು ನನಗೆ ಬರೆಯಿರಿ. ನಿಮ್ಮ ಹೆಸರು ಬೇಡ, ಜಾಗ ಹೇಳಿದರೆ ಸಾಕು.